ತಪ್ಪು ಉತ್ತರದ ಹಿಂದೆ ಏನಿದೆ? ಕಲಬುರಗಿ ಭಾಗದ ಹೈಸ್ಕೂಲ್ ಭೌತವಿಜ್ಞಾನಕ್ಕೆ ಬೇಕಾದ ಬೇರೆ ಥರದ ಪರೀಕ್ಷೆ

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಶೇ 50.59 ಪಡೆದು ರಾಜ್ಯಕ್ಕೆ ಕೊನೆಯದಾಗಿತ್ತು. 2025ರ ಮೊದಲ ಪರೀಕ್ಷೆಯಲ್ಲಿ ಆ ಜಾಗಕ್ಕೆ ಕಲಬುರಗಿ ಬಂತು: ಶೇ 42.43. ಅದೇ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12. ಆಮೇಲೆ 2025ರ ಅಕ್ಟೋಬರ್‌ನಲ್ಲಿ ಪಾಸಾಗಲು ಬೇಕಾದ ಅಂಕವನ್ನು ಶೇ 35ರಿಂದ 33ಕ್ಕೆ ಇಳಿಸುವ ಘೋಷಣೆ ಬಂತು. 625ಕ್ಕೆ ಒಟ್ಟು 206 ಅಂಕ ಬಂದರೆ ಸಾಕು, ಆದರೆ ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30 ಇರಬೇಕು. ಅದೇ 2025-26ರ ಶೈಕ್ಷಣಿಕ ವರ್ಷದಲ್ಲಿ ಪಾಠ ಆಧಾರಿತ ಮೌಲ್ಯಾಂಕನವೂ ಶುರುವಾಯಿತು. ಅಂದರೆ ಒಂದು ಪಾಠ ಮುಗಿದರೆ ಅದಕ್ಕೊಂದು ಕಿರುಪರೀಕ್ಷೆ.

ಪಾಲಕರಿಗೆ ಇದು ಗೊಂದಲ ಆಗುವುದು ಸಹಜ. ಒಂದು ಕಡೆ ಪಾಸಿನ ಗೆರೆ ಕೆಳಗಿಳಿಯುತ್ತಿದೆ, ಇನ್ನೊಂದು ಕಡೆ ಪರೀಕ್ಷೆಗಳು ಜಾಸ್ತಿ ಆಗುತ್ತಿವೆ. ಹಾಗಾದರೆ ಮಗು ಕಲಿಯುತ್ತಿದೆಯಾ ಇಲ್ಲವಾ? ಈ ಪ್ರಶ್ನೆಗೆ ಈಗಿರುವ ಯಾವ ಪರೀಕ್ಷೆಯೂ ನೇರ ಉತ್ತರ ಕೊಡುವುದಿಲ್ಲ. ಯಾಕೆ ಅನ್ನುವುದು ವಿಜ್ಞಾನದಲ್ಲಿ, ಅದರಲ್ಲೂ ಭೌತವಿಜ್ಞಾನದ ಪಾಠಗಳಲ್ಲಿ, ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ.

ಸೊನ್ನೆ ಪಡೆದ ಇಬ್ಬರು ಒಂದೇ ಅಲ್ಲ

ಎರಡು ಅಂಕದ ಒಂದು ಪ್ರಶ್ನೆ. ಒಬ್ಬ ವಿದ್ಯಾರ್ಥಿ ಜಾಗ ಖಾಲಿ ಬಿಟ್ಟಿದ್ದಾನೆ. ಇನ್ನೊಬ್ಬಳು ನಾಲ್ಕು ಸಾಲು ಬರೆದಿದ್ದಾಳೆ. ಬರೆದದ್ದು ತಪ್ಪು, ಆದರೆ ಅವಳಿಗೆ ಅದು ಸರಿ ಅಂತಲೇ ಅನಿಸಿದೆ. ಮೌಲ್ಯಮಾಪಕರು ಇಬ್ಬರಿಗೂ ಸೊನ್ನೆ ಕೊಡುತ್ತಾರೆ. ಅಂಕಪಟ್ಟಿಗೆ ಸಂಬಂಧಪಟ್ಟಂತೆ ಇಬ್ಬರೂ ಒಂದೇ.

ಕಲಿಸುವವರಿಗೆ ಮಾತ್ರ ಇವರು ಬೇರೆ ಬೇರೆ. ಮೊದಲನೆಯವನಿಗೆ ವಿಷಯ ಗೊತ್ತಿಲ್ಲ. ಅವನಿಗೆ ಪಾಠ ಮಾಡಬೇಕು. ಎರಡನೆಯವಳಿಗೆ ಬೇರೊಂದು ವಿವರಣೆ ಗೊತ್ತಿದೆ, ಅದನ್ನು ಅವಳು ನಂಬಿದ್ದಾಳೆ. ಅವಳಿಗೆ ಅದೇ ಪಾಠವನ್ನು ಮತ್ತೆ ಜೋರಾಗಿ ಹೇಳಿದರೆ ಏನೂ ಬದಲಾಗುವುದಿಲ್ಲ. ಪರೀಕ್ಷೆಗೆ ಬೇಕಾದ ಸಾಲನ್ನು ಬಾಯಿಪಾಠ ಮಾಡುತ್ತಾಳೆ, ತನ್ನ ವಿವರಣೆಯನ್ನೂ ಹಾಗೇ ಇಟ್ಟುಕೊಳ್ಳುತ್ತಾಳೆ. ಮೂರನೆಯ ಒಂದು ಗುಂಪೂ ಇದೆ: ಉತ್ತರ ಸರಿ, ಕಾರಣ ತಪ್ಪು. ಇವರಿಗೆ ಪೂರ್ತಿ ಅಂಕ ಸಿಗುತ್ತದೆ. ಹಾಗಾಗಿ ಇವರ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೇಲಕ್ಕೆ ಎಸೆದ ಕಲ್ಲು

ಒಂದು ಕಲ್ಲನ್ನು ನೇರ ಮೇಲಕ್ಕೆ ಎಸೆದಿದ್ದೇವೆ. ಅದು ಕೈ ಬಿಟ್ಟು ಇನ್ನೂ ಮೇಲೇರುತ್ತಿದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ. ಈಗ ಅದರ ಮೇಲೆ ಯಾವ ಯಾವ ಬಲ ಇದೆ?

ಸರಿಯಾದ ಉತ್ತರ ಒಂದೇ: ಭೂಮಿ ಕೆಳಕ್ಕೆ ಎಳೆಯುವ ಗುರುತ್ವ ಬಲ. ಆದರೆ ಬಹಳ ಮಕ್ಕಳು ಹೇಳುವುದು ಬೇರೆ. ಕೈ ಕೊಟ್ಟ ಬಲ ಕಲ್ಲಿನೊಳಗೆ ಇದೆ, ಮೇಲೆ ಹೋದ ಹಾಗೆ ಅದು ಕಡಿಮೆ ಆಗುತ್ತದೆ, ಪೂರ್ತಿ ಮುಗಿದಾಗ ಕಲ್ಲು ನಿಲ್ಲುತ್ತದೆ, ಆಮೇಲೆ ಗುರುತ್ವ ಗೆದ್ದು ಕೆಳಗೆ ಬೀಳುತ್ತದೆ. ಕೇಳಲಿಕ್ಕೆ ಎಷ್ಟು ಸರಿಯಾಗಿದೆ ಅಲ್ವಾ? ಒಂದಕ್ಕೊಂದು ಹೊಂದಿಕೊಂಡ ಪೂರ್ತಿ ಕಥೆ ಇದು.

ಈ ಕಥೆ ಹುಟ್ಟುವುದು ಅನುಭವದಿಂದ. ಎತ್ತು ಎಳೆಯುವವರೆಗೆ ಬಂಡಿ ಚಲಿಸುತ್ತದೆ, ಎಳೆಯುವುದು ನಿಂತರೆ ಬಂಡಿಯೂ ನಿಲ್ಲುತ್ತದೆ. ಬಂಡಿಯನ್ನು ನಿಲ್ಲಿಸಿದ್ದು ಘರ್ಷಣೆ, ಆದರೆ ಘರ್ಷಣೆ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಎತ್ತು ಮಾತ್ರ. ಹಾಗಾಗಿ ‘ಚಲನೆ ಇದ್ದರೆ ಆ ದಿಕ್ಕಿನಲ್ಲಿ ಬಲ ಇರಲೇಬೇಕು’ ಅನ್ನುವ ತೀರ್ಮಾನಕ್ಕೆ ಮಗು ಬಂದುಬಿಡುತ್ತದೆ. ಇದೇ ತೀರ್ಮಾನಕ್ಕೆ ದೊಡ್ಡ ವಿದ್ವಾಂಸರೂ ಬಂದಿದ್ದರು. 6ನೇ ಶತಮಾನದಲ್ಲಿ ಫಿಲೋಪೋನಸ್, 14ನೇ ಶತಮಾನದಲ್ಲಿ ಪ್ಯಾರಿಸ್‌ನ ಬುರಿಡಾನ್, ಎಸೆದ ವಸ್ತುವಿನೊಳಗೆ ಎಸೆದವರಿಂದ ಏನೋ ಒಂದು ಸೇರಿಕೊಂಡು ಅದನ್ನು ಓಡಿಸುತ್ತದೆ ಅಂತಲೇ ವಾದಿಸಿದ್ದರು. ಇದನ್ನು ದಾಟಲು ಗೆಲಿಲಿಯೋ ಬೇಕಾಯಿತು, 1687ರಲ್ಲಿ ನ್ಯೂಟನ್ ಬೇಕಾಯಿತು. ಜೇವರ್ಗಿಯ ಅಥವಾ ಶಹಾಪುರದ ಹದಿನಾಲ್ಕು ವರ್ಷದ ಮಗು ಹಾಗೆ ಯೋಚಿಸಿದರೆ ಅದನ್ನು ದಡ್ಡತನ ಅನ್ನಲು ಯಾವ ಆಧಾರವೂ ಇಲ್ಲ.

ಹಿಂದುಳಿದ ಪ್ರದೇಶದ ಸಮಸ್ಯೆ ಅಂತ ಇದನ್ನು ತಳ್ಳಿಹಾಕುವುದೂ ತಪ್ಪು. ಅಮೆರಿಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೇಲಕ್ಕೆ ಚಿಮ್ಮಿದ ನಾಣ್ಯದ ಬಗ್ಗೆ ಇದೇ ಪ್ರಶ್ನೆ ಕೇಳಿ ಜಾನ್ ಕ್ಲೆಮೆಂಟ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಬಹುಪಾಲು ಉತ್ತರ ಹೀಗೇ ಇತ್ತು. ಮೆಕ್ಯಾನಿಕ್ಸ್ ಕೋರ್ಸ್ ಮುಗಿಸಿದ ಮೇಲೂ ಹೆಚ್ಚಿನವರು ಬದಲಾಗಿರಲಿಲ್ಲ.

ನಮ್ಮ 9ನೇ ತರಗತಿಯಲ್ಲಿ ನ್ಯೂಟನ್‌ನ ಮೂರೂ ನಿಯಮ ಇವೆ. ಅದೇ ಮಗು ಮೊದಲನೇ ನಿಯಮವನ್ನು ಒಂದಕ್ಷರ ತಪ್ಪದೆ ಬರೆಯುತ್ತದೆ, ಪೂರ್ತಿ ಅಂಕವನ್ನೂ ಪಡೆಯುತ್ತದೆ. ಕಲ್ಲಿನ ಪ್ರಶ್ನೆ ಕೇಳುವವರೆಗೆ ಒಳಗೆ ಏನಿದೆ ಅಂತ ಗೊತ್ತಾಗುವುದೇ ಇಲ್ಲ.

ಕರೆಂಟ್ ಖರ್ಚಾಗುತ್ತದಾ?

10ನೇ ತರಗತಿಯ ವಿದ್ಯುಚ್ಛಕ್ತಿ ಪಾಠದಲ್ಲೂ ಇದೇ ಕಥೆ. ಒಂದು ಬ್ಯಾಟರಿ, ಸರಣಿಯಲ್ಲಿ ಒಂದೇ ಥರದ ಎರಡು ಬಲ್ಬು. ಯಾವುದು ಜಾಸ್ತಿ ಬೆಳಗುತ್ತದೆ? ‘ಮೊದಲನೆಯದು, ಯಾಕೆಂದರೆ ಕರೆಂಟನ್ನು ಅದು ಮೊದಲು ತಗೊಳ್ಳುತ್ತದೆ, ಉಳಿದದ್ದು ಎರಡನೆಯದಕ್ಕೆ’ ಅನ್ನುವುದು ಪ್ರಪಂಚದ ಎಲ್ಲ ಕಡೆಯೂ ದಾಖಲಾಗಿರುವ ಉತ್ತರ. ನಿಜ ಏನೆಂದರೆ ಎರಡರಲ್ಲೂ ಹರಿಯುವ ವಿದ್ಯುತ್ ಪ್ರವಾಹ ಒಂದೇ, ಬೆಳಕೂ ಒಂದೇ.

ಈ ನಂಬಿಕೆಗೂ ಮನೆಯಲ್ಲೇ ಬೇರು ಇದೆ. ಜೆಸ್ಕಾಂ ಕಳಿಸುವ ವಿದ್ಯುತ್ ಬಿಲ್ಲಿನಲ್ಲಿ ಈ ತಿಂಗಳು ಇಷ್ಟು ಯೂನಿಟ್ ಬಳಕೆ ಅಂತ ಇರುತ್ತದೆ. ‘ಕರೆಂಟ್ ಜಾಸ್ತಿ ಖರ್ಚಾಗಿದೆ’ ಅಂತ ಮನೆಯವರು ಮಾತಾಡುತ್ತಾರೆ. ಬಿಲ್ಲು ಲೆಕ್ಕ ಹಾಕುವುದು ಶಕ್ತಿಯನ್ನು. ಒಂದು ಯೂನಿಟ್ ಅಂದರೆ ಒಂದು ಕಿಲೋವಾಟ್ ಗಂಟೆ, 36 ಲಕ್ಷ ಜೌಲ್. ತಂತಿಯಲ್ಲಿ ಹೋದ ಪ್ರವಾಹ ಅಷ್ಟಕ್ಕಷ್ಟೇ ವಾಪಸ್ ಬರುತ್ತದೆ, ಅದು ಸವೆಯುವುದಿಲ್ಲ. ಶಕ್ತಿ ಮತ್ತು ಪ್ರವಾಹ ಎರಡನ್ನೂ ಮಗು ಒಂದೇ ಅಂತ ತಿಳಿದಿರುವುದೇ ಇಲ್ಲಿ ಮೂಲ ತೊಡಕು.

ಹೀಗೆ ತಿಳಿದ ಮಗು ಓಮ್‌ನ ನಿಯಮದ ಲೆಕ್ಕವನ್ನು ತಪ್ಪಿಲ್ಲದೆ ಮಾಡಬಲ್ಲದು. 12 ವೋಲ್ಟ್, 6 ಓಮ್, ಭಾಗಿಸಿದರೆ 2 ಆಂಪೇರ್. ಭಾಗಾಕಾರ ಬಂದರೆ ಸಾಕು. ಸೂತ್ರದ ಲೆಕ್ಕಗಳನ್ನೇ ಮತ್ತೆ ಮತ್ತೆ ಮಾಡಿಸಿ ‘ಈ ಪಾಠ ಬಂತು’ ಅಂದುಕೊಳ್ಳುವುದು ಅದಕ್ಕೇ ಅಪಾಯ.

ಪ್ರಶ್ನೆ ಹಳತಾದರೆ ಪತ್ತೆ ಮಾಡುವ ಗುಣವೂ ಹೋಗುತ್ತದೆ. ಪೀನ ಮಸೂರದ ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಪೂರ್ಣ ಬಿಂಬ ಬರುತ್ತದಾ ಅನ್ನುವುದು 10ನೇ ತರಗತಿ ಪುಸ್ತಕದ ಅಭ್ಯಾಸದಲ್ಲೇ ಇದೆ. ಒಳ್ಳೆಯ ಪ್ರಶ್ನೆ. ಆದರೆ ‘ಪೂರ್ಣ ಬಿಂಬ ಬರುತ್ತದೆ, ಪ್ರಕಾಶ ಕಡಿಮೆ’ ಅನ್ನುವುದು ಈಗ ಎಲ್ಲರಿಗೂ ಬಾಯಿಪಾಠ. ಅದರ ಬದಲು ‘ಮಸೂರವನ್ನೇ ತೆಗೆದುಬಿಟ್ಟರೆ ಪರದೆಯ ಮೇಲೆ ಏನು ಕಾಣುತ್ತದೆ?’ ಅಂತ ಕೇಳಿ. ಬಿಂಬ ಹಾಗೇ ಇರುತ್ತದೆ, ತಲೆಕೆಳಗಾಗುವ ಬದಲು ನೇರ ಕಾಣುತ್ತದೆ ಅನ್ನುವ ಉತ್ತರ ಬಂದರೆ, ಬಿಂಬ ಹೇಗೆ ಉಂಟಾಗುತ್ತದೆ ಅನ್ನುವುದೇ ಆ ಮಗುವಿಗೆ ತಿಳಿದಿಲ್ಲ ಎಂದರ್ಥ.

ಪತ್ತೆ ಮಾಡುವ ಪರೀಕ್ಷೆ ಹೇಗಿರುತ್ತದೆ

ಈ ಕೆಲಸಕ್ಕೆ ಹೆಸರಾದ ಪರೀಕ್ಷೆ ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ, ಅಂದರೆ ಬಲದ ಬಗ್ಗೆ ಮಕ್ಕಳ ಕಲ್ಪನೆ ಏನು ಅಂತ ನೋಡುವ ಪರೀಕ್ಷೆ. ಡೇವಿಡ್ ಹೆಸ್ಟಿನೀಸ್, ಮಾಲ್ಕಂ ವೆಲ್ಸ್ ಮತ್ತು ಗ್ರೆಗ್ ಸ್ವಾಕ್‌ಹ್ಯಾಮರ್ 1992ರಲ್ಲಿ ಇದನ್ನು ಪ್ರಕಟಿಸಿದರು. ಈಗಿನ ರೂಪದಲ್ಲಿ 30 ಪ್ರಶ್ನೆ, ಪ್ರತಿಯೊಂದಕ್ಕೂ ಐದು ಆಯ್ಕೆ. ಲೆಕ್ಕ ಇಲ್ಲ, ಸೂತ್ರ ಇಲ್ಲ. ಇದರ ಗುಟ್ಟು ಇರುವುದು ತಪ್ಪು ಆಯ್ಕೆಗಳಲ್ಲಿ. ಪ್ರಶ್ನೆಪತ್ರಿಕೆ ತಯಾರಿಸುವವರು ಸುಮ್ನೆ ಕೂತು ಬರೆದ ತಪ್ಪುಗಳಲ್ಲ ಅವು. ಮಕ್ಕಳು ನಿಜವಾಗಿ ನಂಬುವ ಮಾತುಗಳು. ಹಾಗಾಗಿ ಮಗು ಯಾವ ತಪ್ಪನ್ನು ಆರಿಸಿತು ಅನ್ನುವುದೇ ಇಲ್ಲಿ ಮಾಹಿತಿ.

ಬರೀ ಆಯ್ಕೆಯಲ್ಲಿ ಊಹೆಗೂ ಜಾಗ ಇದೆ. ನಾಲ್ಕು ಆಯ್ಕೆ ಇದ್ದರೆ ಕಣ್ಣುಮುಚ್ಚಿ ಗುರುತು ಹಾಕಿದವರಿಗೂ ಶೇ 25 ಅವಕಾಶ. ಆಸ್ಟ್ರೇಲಿಯಾದ ಡೇವಿಡ್ ಟ್ರೆಗಸ್ಟ್ 1988ರಲ್ಲಿ ಎರಡು ಹಂತದ ಪರೀಕ್ಷೆಯ ವಿಧಾನವನ್ನು ಮುಂದಿಟ್ಟರು. ಮೊದಲ ಹಂತದಲ್ಲಿ ಉತ್ತರ, ಎರಡನೇ ಹಂತದಲ್ಲಿ ಕಾರಣ. ಎರಡಕ್ಕೂ ನಾಲ್ಕು ನಾಲ್ಕು ಆಯ್ಕೆ ಇದ್ದರೆ ಊಹೆಯಿಂದ ಎರಡೂ ಸರಿಯಾಗುವ ಸಾಧ್ಯತೆ ಶೇ 6.25ಕ್ಕೆ ಇಳಿಯುತ್ತದೆ. ನಂತರ ಬಂದವರು ಇನ್ನೊಂದು ಹಂತ ಸೇರಿಸಿದರು: ಈ ಉತ್ತರದ ಬಗ್ಗೆ ನಿನಗೆ ಎಷ್ಟು ಖಾತ್ರಿ ಇದೆ? ತಪ್ಪು ಉತ್ತರ, ಖಾತ್ರಿಯೂ ಇಲ್ಲ ಅಂದರೆ ಅದು ಗೊತ್ತಿಲ್ಲದಿರುವುದು. ತಪ್ಪು ಉತ್ತರ, ಪೂರ್ತಿ ಖಾತ್ರಿ ಅಂದರೆ ಅದು ತಪ್ಪು ಕಲ್ಪನೆ. ಸೊನ್ನೆ ಪಡೆದ ಆ ಇಬ್ಬರನ್ನು ಬೇರೆ ಮಾಡಲು ಈ ಒಂದು ಸಾಲು ಸಾಕು.

ಪತ್ತೆ ಆದ ಮೇಲೆ ಕಲಿಸುವ ರೀತಿ ಬದಲಾದರೆ ಪ್ರಯೋಜನ ಇದೆಯಾ? ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸ್‌ಗಳ 6,542 ವಿದ್ಯಾರ್ಥಿಗಳು ಇಂಥ ಪರೀಕ್ಷೆಗಳಲ್ಲಿ ಪಡೆದ ಫಲಿತಾಂಶವನ್ನು ಒಟ್ಟಿಗೆ ನೋಡಿದರು. ಶುರುವಿನಲ್ಲಿ ಎಷ್ಟು ಕಲಿಯುವುದು ಬಾಕಿ ಇತ್ತು, ಅದರಲ್ಲಿ ಎಷ್ಟು ಭಾಗ ಕಲಿತರು ಅನ್ನುವುದು ಅವರ ಅಳತೆ. ಬರೀ ಭಾಷಣದ ಪಾಠದಲ್ಲಿ ಸರಾಸರಿ 0.23. ಮಕ್ಕಳು ಮಾತಾಡಿ, ಮಾಡಿ ನೋಡಿ, ಒಬ್ಬರಿಗೊಬ್ಬರು ವಾದಿಸಿ ಕಲಿತ ಕಡೆ 0.48. ಉದಾಹರಣೆಗೆ, ನೂರಕ್ಕೆ 30 ಅಂಕದಿಂದ ಶುರುವಾದ ತರಗತಿ ಮೊದಲ ರೀತಿಯಲ್ಲಿ 46ರ ಹತ್ತಿರ ನಿಲ್ಲುತ್ತದೆ, ಎರಡನೇ ರೀತಿಯಲ್ಲಿ 64ರ ಹತ್ತಿರ ಹೋಗುತ್ತದೆ. ಇವು ಅಮೆರಿಕದ ಹೈಸ್ಕೂಲು, ಕಾಲೇಜುಗಳ ಅಂಕಿಗಳು. ಯಾದಗಿರಿಯಲ್ಲೂ ಇಷ್ಟೇ ಬರುತ್ತದೆ ಅಂತ ಹೇಳಲಾಗದು. ಆದರೆ ದಿಕ್ಕು ಸ್ಪಷ್ಟವಾಗಿದೆ.

ಬೇರೆ ಊರಿನ ಪ್ರಶ್ನೆ ಇಲ್ಲಿ ನಡೆಯುವುದಿಲ್ಲ

ಹಾಗಾದರೆ ಆ ಪರೀಕ್ಷೆಗಳನ್ನೇ ಕನ್ನಡಕ್ಕೆ ತಂದು ಹಂಚಿದರೆ ಆಯಿತಲ್ಲ? ಆಗುವುದಿಲ್ಲ. ಉಷ್ಣದ ಒಂದು ಪ್ರಶ್ನೆಯಿಂದ ಇದು ಅರ್ಥವಾಗುತ್ತದೆ.

ಒಂದು ಕೋಣೆಯಲ್ಲಿ ಕಬ್ಬಿಣದ ಸರಳು ಮತ್ತು ಮರದ ತುಂಡು ಬಹಳ ಹೊತ್ತಿನಿಂದ ನೆರಳಲ್ಲೇ ಇವೆ. ಯಾವುದರ ತಾಪ ಜಾಸ್ತಿ? ಚಳಿ ದೇಶಗಳ ಪರೀಕ್ಷೆಗಳಲ್ಲಿ ‘ಲೋಹ ತಣ್ಣಗಿರುತ್ತದೆ’ ಅನ್ನುವುದೇ ಮುಖ್ಯವಾದ ತಪ್ಪು ಆಯ್ಕೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕೋಣೆಯೂ ಕಾದಿರುತ್ತದೆ. ಇಲ್ಲಿನ ಮಗು ಕಬ್ಬಿಣ ಮುಟ್ಟಿ ‘ಇದು ಜಾಸ್ತಿ ಬಿಸಿ’ ಅನ್ನುತ್ತದೆ. ಅದೇ ಮಗು ಡಿಸೆಂಬರ್ ಬೆಳಿಗ್ಗೆ ಬೀದರ್‌ನಲ್ಲಿ ಅದೇ ಸರಳು ಮುಟ್ಟಿದರೆ ‘ತಣ್ಣಗಿದೆ’ ಅನ್ನುತ್ತದೆ. ಎರಡೂ ಸಲ ಸರಳಿನ ತಾಪ, ಮರದ ತಾಪ ಒಂದೇ. ನಮ್ಮ ಚರ್ಮದ ತಾಪ ಸುಮಾರು 33 ಡಿಗ್ರಿ. ಕೋಣೆ ಅದಕ್ಕಿಂತ ಬಿಸಿ ಇದ್ದರೆ ಕಬ್ಬಿಣ ಕೈಗೆ ಉಷ್ಣವನ್ನು ಬೇಗ ದಾಟಿಸುತ್ತದೆ. ತಣ್ಣಗಿದ್ದರೆ ಕೈಯಿಂದ ಬೇಗ ಎಳೆದುಕೊಳ್ಳುತ್ತದೆ. ಮರ ಎರಡನ್ನೂ ನಿಧಾನ ಮಾಡುತ್ತದೆ.

ಹೊರಗಿನಿಂದ ತಂದ ಪ್ರಶ್ನೆಯಲ್ಲಿ ಮೇ ತಿಂಗಳ ಈ ತಪ್ಪು ಇರುವುದೇ ಇಲ್ಲ. ಇಲ್ಲಿನ ಮಕ್ಕಳ ತಪ್ಪುಗಳನ್ನು ಇಲ್ಲಿಯೇ ಕೇಳಿ ತಿಳಿಯಬೇಕು. ಅದರಲ್ಲಿ ನಮಗೊಂದು ಅನುಕೂಲವೂ ಇದೆ. ಒಂದೇ ವಸ್ತು ಬೇಸಿಗೆಯಲ್ಲಿ ಬಿಸಿ, ಚಳಿಗಾಲದಲ್ಲಿ ತಣ್ಣಗೆ ಅನಿಸುವುದು ಇಲ್ಲಿನ ಮಕ್ಕಳಿಗೆ ಕೈಯಲ್ಲೇ ಗೊತ್ತಿದೆ. ಎರಡನ್ನೂ ಎದುರುಬದುರು ಇಟ್ಟರೆ ಅರ್ಧ ಪಾಠ ಆದಂತೆ.

ಭಾಷೆಯದು ಇನ್ನೊಂದು ದೊಡ್ಡ ವಿಷಯ. ಕಲಬುರಗಿ, ಯಾದಗಿರಿ, ಬೀದರ್ ಈ ಮೂರು ಜಿಲ್ಲೆಗಳಲ್ಲಿ ಕನ್ನಡದ ಜೊತೆ ಉರ್ದು, ಮರಾಠಿ, ತೆಲುಗು, ಲಂಬಾಣಿ ಮನೆಮಾತಿನ ಮಕ್ಕಳು ಬಹಳ ಇದ್ದಾರೆ. ಉದ್ದುದ್ದ ವಾಕ್ಯದ ಪ್ರಶ್ನೆ ಕೊಟ್ಟರೆ ಸಿಗುವುದು ಓದುವ ಸಾಮರ್ಥ್ಯದ ಅಳತೆ, ಭೌತವಿಜ್ಞಾನದ್ದಲ್ಲ. ಚಿತ್ರ ಬರೆದು, ಶಿಕ್ಷಕರು ಪ್ರಶ್ನೆಯನ್ನು ಬಾಯಲ್ಲಿ ಹೇಳಿ, ಕಾರಣವನ್ನು ಮಗು ತನ್ನ ಮಾತಿನಲ್ಲೇ ಹೇಳಲು ಬಿಡುವುದು ಇದಕ್ಕೆ ದಾರಿ.

ವಿದ್ವಾಂಸರಲ್ಲೂ ಒಮ್ಮತ ಇಲ್ಲ

ಮಕ್ಕಳ ತಲೆಯಲ್ಲಿರುವುದು ಒಂದು ಪೂರ್ತಿ ಸಿದ್ಧಾಂತ, ಅದನ್ನು ಎದುರಿಸಿ ಬದಲಿಸಬೇಕು ಅನ್ನುವುದು ಒಂದು ಪಕ್ಷ. ಅಲ್ಲಿರುವುದು ಸಣ್ಣ ಸಣ್ಣ ತುಣುಕುಗಳು, ಸಂದರ್ಭಕ್ಕೆ ತಕ್ಕಂತೆ ಒಂದೊಂದು ಎದ್ದು ಬರುತ್ತದೆ ಅನ್ನುವುದು ಆಂಡ್ರಿಯಾ ಡಿಸೆಸ್ಸಾ ಅವರ ಪಕ್ಷ. 1993ರಲ್ಲಿ ಅವರು ಇದನ್ನು ವಿವರವಾಗಿ ಬರೆದರು. ‘ಜಾಸ್ತಿ ಒತ್ತಿದರೆ ಜಾಸ್ತಿ ಫಲ, ತಡೆ ಜಾಸ್ತಿ ಇದ್ದರೆ ಫಲ ಕಡಿಮೆ’ ಅನ್ನುವುದು ಅಂಥ ಒಂದು ತುಣುಕು. ವೇಗದ ಪಾಠದಲ್ಲಿ ಇದು ದಾರಿ ತಪ್ಪಿಸುತ್ತದೆ, ಓಮ್‌ನ ನಿಯಮದಲ್ಲಿ ಇದೇ ಕೈ ಹಿಡಿಯುತ್ತದೆ.

ಈ ಜಗಳದಿಂದ ತರಗತಿಗೆ ಆಗುವ ಪರಿಣಾಮ ದೊಡ್ಡದು. ಒಂದೇ ಪ್ರಶ್ನೆ ನೋಡಿ ‘ಈ ಮಗುವಿಗೆ ಈ ತಪ್ಪು ಕಲ್ಪನೆ ಇದೆ’ ಅಂತ ಹಣೆಪಟ್ಟಿ ಹಚ್ಚಬಾರದು. ಕಲ್ಲಿನ ಪ್ರಶ್ನೆಯಲ್ಲಿ ಎಡವಿದ ಮಗು ಬಸ್ಸಿನ ಬ್ರೇಕಿನ ಪ್ರಶ್ನೆಯಲ್ಲಿ ಸರಿಯಾಗಿ ಯೋಚಿಸಬಹುದು. ಒಂದೇ ವಿಚಾರವನ್ನು ಎರಡು ಮೂರು ಸಂದರ್ಭದಲ್ಲಿ ಕೇಳಬೇಕು. ಡಿಸೆಸ್ಸಾ ಹೇಳುವುದರಲ್ಲಿ ಹೆಚ್ಚು ಸತ್ಯ ಇದೆ ಅಂತ ಕಾಣುತ್ತದೆ. ಮಗುವಿನ ಅನುಭವವನ್ನು ಕಸದಂತೆ ಹೊರಗೆ ಹಾಕದೆ, ಅದು ಎಲ್ಲಿ ಸರಿ ಎಲ್ಲಿ ತಪ್ಪು ಅಂತ ತೋರಿಸಲು ಅದು ದಾರಿ ಬಿಡುತ್ತದೆ.

‘ಮೊದಲು ಪಾಸಾಗಲಿ’ ಅನ್ನುವ ವಾದ

ಶಿಕ್ಷಕರ ಕಡೆಯ ಮಾತನ್ನು ಕೇಳದೆ ಮುಂದೆ ಹೋಗುವಂತಿಲ್ಲ. ಫಲಿತಾಂಶ ಬಂದ ಕೂಡಲೇ ಪ್ರಶ್ನೆ ಕೇಳುವುದು ಅವರನ್ನೇ. ಮೇಲಿನಿಂದ ಒತ್ತಡ ಬಂದಾಗ ಪಾಸಿಂಗ್ ಪ್ಯಾಕೇಜ್ ಹುಟ್ಟುತ್ತದೆ: ಕಿರಣಚಿತ್ರ ಎರಡು, ವ್ಯಾಖ್ಯೆ ಹತ್ತು, ಖಂಡಿತ ಬರುವ ಪ್ರಶ್ನೆ ಇಷ್ಟು. ಹಿಂದುಳಿದ ಮಗುವಿಗೆ ಎಸ್ಸೆಸ್ಸೆಲ್ಸಿ ಪಾಸಾಗುವುದು ಸಣ್ಣ ವಿಷಯವಲ್ಲ. ಅದರಲ್ಲೂ ಹೆಣ್ಣುಮಕ್ಕಳಿಗೆ, ಫೇಲಾದರೆ ಓದು ನಿಂತು ಮದುವೆಯ ಮಾತು ಶುರುವಾಗುವ ಮನೆಗಳಲ್ಲಿ. ಪ್ಯಾಕೇಜನ್ನು ಹೀಗಳೆಯುವವರು ಇದನ್ನು ಮರೆಯಬಾರದು.

ಹುದ್ದೆಗಳ ಕೊರತೆಯೂ ಇದೆ. ಕಲ್ಯಾಣ ಕರ್ನಾಟಕದ ಎಷ್ಟೋ ಪ್ರೌಢಶಾಲೆಗಳು ಅತಿಥಿ ಶಿಕ್ಷಕರಿಂದ ನಡೆಯುತ್ತಿವೆ. ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಓದಿದ ಶಿಕ್ಷಕರು ಗಣಿತಕ್ಕೆ ಸೀಮಿತವಾಗಿ, ಸಿಬಿಝಡ್ (ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ) ಓದಿದವರು ಭೌತವಿಜ್ಞಾನವನ್ನೂ ಸೇರಿಸಿ ಪೂರ್ತಿ ವಿಜ್ಞಾನ ಪಾಠ ಮಾಡುವುದು ಸಾಮಾನ್ಯ. ಪಿಯುಸಿ ನಂತರ ಭೌತವಿಜ್ಞಾನ ಮುಟ್ಟದವರಿಗೆ ಕಲ್ಲಿನ ಪ್ರಶ್ನೆ ಸ್ವತಃ ಕಷ್ಟ ಆಗಬಹುದು. ಅದು ಅವರ ತಪ್ಪಲ್ಲ. ಆದರೆ ತರಬೇತಿ ಕೊಡುವವರು ಇದನ್ನು ಗಮನಿಸಲೇಬೇಕು.

ಪ್ಯಾಕೇಜಿನ ತೊಂದರೆ ಬೇರೆ ಕಡೆ ಇದೆ. ಅದು ಗೊತ್ತಿಲ್ಲದ ಮಗುವಿಗೆ ನಾಲ್ಕು ಸಾಲು ಕೊಡುತ್ತದೆ, ತಪ್ಪು ನಂಬಿಕೆಯ ಮಗುವಿಗೂ ಅದೇ ನಾಲ್ಕು ಸಾಲು ಕೊಡುತ್ತದೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಇಬ್ಬರೂ ಕೈ ಚೆಲ್ಲುತ್ತಾರೆ. ಅನ್ವಯದ ಪ್ರಶ್ನೆ ಹೆಚ್ಚಾದ ವರ್ಷ ಫಲಿತಾಂಶ ಇಳಿಯುವ ಸಾಧ್ಯತೆ ಇಲ್ಲಿಂದಲೇ ಬರುತ್ತದೆ.

ಸೇತುಬಂಧದೊಳಗೇ ಜಾಗ ಇದೆ

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಪ್ರತಿ ವರ್ಷ ಶಾಲೆ ಶುರುವಾದಾಗ ಹಿಂದಿನ ಕಲಿಕೆಯ ಕೊರತೆ ತುಂಬುವ ಸೇತುಬಂಧ ನಡೆಯುತ್ತದೆ. ಮೊದಲು ಕೊರತೆ ಪತ್ತೆ ಮಾಡುವ ನೈದಾನಿಕ ಪರೀಕ್ಷೆ, ಆಮೇಲೆ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಚೌಕಟ್ಟು ಸರಿಯಾಗಿಯೇ ಇದೆ. ಆದರೆ ನೈದಾನಿಕ ಪರೀಕ್ಷೆಯಲ್ಲಿ ‘ಬಲದ ಏಕಮಾನ ಯಾವುದು?’ ಅಂತ ಕೇಳಿದರೆ ಸಿಗುವುದು ನೆನಪಿನ ಲೆಕ್ಕ. ಆ ಜಾಗದಲ್ಲಿ ಕಲ್ಲಿನ ಪ್ರಶ್ನೆ, ಎರಡು ಬಲ್ಬಿನ ಪ್ರಶ್ನೆ, ಕಬ್ಬಿಣ ಮತ್ತು ಮರದ ಪ್ರಶ್ನೆ ಬರಬೇಕು. ಕಾರಣಕ್ಕೆ ಒಂದು ಸಾಲು, ಖಾತ್ರಿಗೆ ಒಂದು ಗುರುತು.

ಪಾಠದ ನಡುವೆಯೂ ಇದು ಸಾಧ್ಯ. ಹೊಸ ಪಾಠಕ್ಕೆ ಮುಂಚೆ ಎರಡು ಪ್ರಶ್ನೆ, ಹತ್ತು ನಿಮಿಷ, ಹೆಸರಿಲ್ಲದ ಚೀಟಿ. ಮಗು ಮೊದಲು ತನ್ನ ಊಹೆಯನ್ನು ಬರೆದಿಡಬೇಕು, ಆಮೇಲೆ ಪ್ರಯೋಗ. ಈ ಕ್ರಮ ಮುಖ್ಯ. ಮೊದಲೇ ಊಹೆ ಬರೆದ ಮಗುವಿಗೆ ಬಲ್ಬಿನ ಎರಡೂ ಬದಿ ಅಮ್ಮೀಟರ್ ಒಂದೇ ಅಂಕಿ ತೋರಿಸಿದಾಗ ಪ್ರಶ್ನೆ ಹುಟ್ಟುತ್ತದೆ. ಬರೆಯದ ಮಗು ಅದನ್ನು ನೋಡಿ ಸುಮ್ಮನಾಗುತ್ತದೆ. ಒಂದು ಎಚ್ಚರಿಕೆ: ಅಂಗಡಿಯ ಅಗ್ಗದ ಟಾರ್ಚ್ ಬಲ್ಬುಗಳು ಒಂದರಂತೆ ಒಂದು ಇರುವುದಿಲ್ಲ. ಮೊದಲನೆಯದೇ ಜಾಸ್ತಿ ಬೆಳಗಿಬಿಟ್ಟರೆ ತಪ್ಪು ಕಲ್ಪನೆ ಇನ್ನಷ್ಟು ಗಟ್ಟಿಯಾಗುತ್ತದೆ. ಬಲ್ಬುಗಳ ಜಾಗ ಅದಲು ಬದಲು ಮಾಡಿ ತೋರಿಸಬೇಕು.

ಮುಂದೆ ಏನಾಗಬಹುದು

ಶೇ 33ರ ನಿಯಮದಿಂದ ಪಾಸಾಗುವವರ ಸಂಖ್ಯೆ ಏರಬಹುದು. ಅಂಚಿನಲ್ಲಿದ್ದ ಮಕ್ಕಳಿಗೆ ಅದು ನಿಜವಾದ ನೆರವು. ಆದರೆ ಆ ಏರಿಕೆಯನ್ನು ಕಲಿಕೆಯ ಏರಿಕೆ ಅಂತ ಓದುವುದು ತಪ್ಪಾಗುತ್ತದೆ. ಇಲ್ಲಿಂದ ವಿಜ್ಞಾನ ಆರಿಸಿಕೊಂಡು ಪಿಯುಗೆ ಹೋದ ಮಗುವಿಗೆ ಮೊದಲ ವರ್ಷದಲ್ಲೇ ಚಲನೆ ಮತ್ತು ಬಲದ ಪಾಠಗಳು ಎದುರಾಗುತ್ತವೆ. ಕಲ್ಲಿನೊಳಗೆ ಕೈಯ ಬಲ ಇದೆ ಅಂತ ನಂಬಿದವರಿಗೆ ಅಲ್ಲಿ ಪ್ರತಿ ಬಲಚಿತ್ರದಲ್ಲೂ ಒಂದು ಬಾಣ ಜಾಸ್ತಿ ಆಗುತ್ತದೆ, ಪ್ರತಿ ಲೆಕ್ಕವೂ ತಪ್ಪುತ್ತದೆ. ‘ನನಗೆ ಫಿಸಿಕ್ಸ್ ಆಗಿಬರಲ್ಲ’ ಅಂತ ಮಗು ತೀರ್ಮಾನಿಸುವುದು ಹೀಗೆ.

ಪಾಠ ಆಧಾರಿತ ಮೌಲ್ಯಾಂಕನ ಎರಡು ದಿಕ್ಕಿಗೆ ಹೋಗಬಹುದು. ಪಾಠದ ಕೊನೆಯಲ್ಲಿ ಮಗುವಿನ ಯೋಚನೆಯನ್ನು ಕೇಳುವ ಎರಡು ಪ್ರಶ್ನೆ ಅದರಲ್ಲಿ ಸೇರಿದರೆ ಇದೇ ಒಳ್ಳೆಯ ಪತ್ತೆಯ ಸಾಧನ ಆಗುತ್ತದೆ. ಆ ಪ್ರಶ್ನೆಗಳ ಅಂಕವನ್ನೂ ದಾಖಲಿಸಿ, ಶಾಲೆ ಶಾಲೆಗೆ ಹೋಲಿಸಲು ಶುರು ಮಾಡಿದರೆ ಕೆಲಸ ಕೆಡುತ್ತದೆ. ಅಂಕ ಹೋಗುತ್ತದೆ ಅಂತಾದರೆ ಮಗು ತನ್ನ ನಿಜವಾದ ಯೋಚನೆ ಬರೆಯುವುದಿಲ್ಲ, ಶಿಕ್ಷಕರು ಉತ್ತರವನ್ನು ಮೊದಲೇ ಹೇಳಿಕೊಡುತ್ತಾರೆ, ಪ್ರಶ್ನೆಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿಯ ಉತ್ತರಗಳನ್ನು ಬಹಿರಂಗ ಮಾಡಬೇಡಿ ಅಂತ ಅದನ್ನು ಬಳಸುವವರು ಇಂದಿಗೂ ಕೇಳಿಕೊಳ್ಳುವುದು ಇದೇ ಕಾರಣಕ್ಕೆ.

ತಾಲೂಕು ಮಟ್ಟದ ವಿಜ್ಞಾನ ಶಿಕ್ಷಕರ ಸಭೆಗಳಲ್ಲಿ ಈಗ ಮುಖ್ಯವಾಗಿ ಶೇಕಡಾವಾರು ಫಲಿತಾಂಶದ ಚರ್ಚೆ ನಡೆಯುತ್ತದೆ. ಅದೇ ಸಭೆಗೆ ಹೆಸರಿಲ್ಲದ ಆ ಚೀಟಿಗಳು ಬಂದರೆ ಒಂದೇ ವರ್ಷದಲ್ಲಿ ಆ ತಾಲೂಕಿನ ಮಕ್ಕಳ ಸಾಮಾನ್ಯ ತಪ್ಪುಗಳ ಪಟ್ಟಿ ಸಿದ್ಧವಾಗುತ್ತದೆ. ಕಲಬುರಗಿ ಜಿಲ್ಲೆಯ ಶಿಕ್ಷಕರಿಗೆ ಕಮಲಾಪುರದಲ್ಲಿ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದೆ, ಬೀದರ್ ಮತ್ತು ಯಾದಗಿರಿಗೂ ಅವುಗಳದೇ ವ್ಯವಸ್ಥೆ ಇದೆ. ಮುಂದಿನ ಸೇತುಬಂಧದ ಪ್ರಶ್ನೆಗಳನ್ನು ಆ ಪಟ್ಟಿಯಿಂದಲೇ ಬರೆಯಬಹುದು. ಇದಕ್ಕೆ ಹಣಕ್ಕಿಂತ ಜಾಸ್ತಿ ಬೇಕಾಗುವುದು ಒಂದು ಲಿಖಿತ ಭರವಸೆ: ಈ ಚೀಟಿಯಲ್ಲಿ ಏನೇ ಬಂದರೂ ಶಿಕ್ಷಕರಿಗೆ ನೋಟಿಸ್ ಬರುವುದಿಲ್ಲ, ಮಗುವಿನ ಅಂಕ ಕಡಿಮೆ ಆಗುವುದಿಲ್ಲ.